ಕೊಪ್ಪಳ-ಯಲಬುರ್ಗಾ ಸೀಮೆಯ ಜಹಗೀರದಾರರು: ನವಾಬ ಮೂರನೆಯ ಸಾಲಾರ್ ಜಂಗ್ ರವರ ಜೀವನ ಮತ್ತು ಅವರ ಕಲಾಸಂಗ್ರಹ

(ಸಾರ್ವಜನಿಕರ ಮಾಹಿತಿಗಾಗಿ)

ಹಳೆಯ ಜಮೀನು ದಾಖಲೆಗಳ ನಕಲು ಕೋರಿ ಅರ್ಜಿ ಸಲ್ಲಿಸುವ ಕೊಪ್ಪಳ ಹಾಗೂ ಯಲಬುರ್ಗಾ ಭಾಗದ ನಾಗರಿಕರು, ತಮ್ಮ ತಾತ ಮುತ್ತಾತಂದಿರ ಕಾಲದ ಕಾಗದಪತ್ರಗಳಲ್ಲಿ ಸಾಲಾರ್ ಜಂಗ್ ಜಹಗೀರು ಎಂಬ ಉಲ್ಲೇಖವನ್ನು ಕಂಡು ಅದರ ಬಗ್ಗೆ ವಿಚಾರಿಸುವುದುಂಟು. ಇದೇ ನಾಗರಿಕರ ಮಕ್ಕಳು ಶಾಲಾ ಪ್ರವಾಸದಲ್ಲಿ ಹೈದರಾಬಾದಿಗೆ ಹೋಗಿ, ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಗಡಿಯಾರದ ಮುಂದೆ ನಿಂತು ಗಂಟೆ ಬಾರಿಸುವ ಗೊಂಬೆಯನ್ನು ನೋಡಿ ಬಂದಿರುತ್ತಾರೆ. ದಾಖಲೆಯಲ್ಲಿರುವ ಹೆಸರೂ ವಸ್ತುಸಂಗ್ರಹಾಲಯದ ಹೆಸರೂ ಒಂದೇ ಮನೆತನಕ್ಕೆ ಸೇರಿದವು ಎಂಬ ಸಂಗತಿ ಬಹಳಷ್ಟು ಜನರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಸದರಿ ಮನೆತನದ ಕೊನೆಯ ಜಹಗೀರದಾರರಾದ ನವಾಬ ಮೀರ್ ಯೂಸುಫ್ ಅಲಿ ಖಾನ್ ರವರ ಜೀವನದ ಸಂಕ್ಷಿಪ್ತ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಮನೆತನದ ಹಿನ್ನೆಲೆ

ಸಾಲಾರ್ ಜಂಗ್ ಎಂಬುದು ವ್ಯಕ್ತಿಯ ಹೆಸರಲ್ಲ. ಅದು ಹೈದರಾಬಾದಿನ ನಿಜಾಮರು ನೀಡುತ್ತಿದ್ದ ಬಿರುದು. ಒಂದೇ ಮನೆತನದ ಮೂವರು ಈ ಬಿರುದನ್ನು ಹೊಂದಿದ್ದರಿಂದ ಮೊದಲನೆಯ, ಎರಡನೆಯ ಮತ್ತು ಮೂರನೆಯ ಸಾಲಾರ್ ಜಂಗ್ ಎಂದು ಗುರುತಿಸುವ ರೂಢಿ ಬಂದಿದೆ. ಈ ಮೂವರನ್ನೂ ಒಬ್ಬರೇ ಎಂದು ಭಾವಿಸಿ ಗೊಂದಲಕ್ಕೆ ಒಳಗಾಗುವವರು ಹೆಚ್ಚು. ಮೂವರೂ ಹೈದರಾಬಾದ್ ಸಂಸ್ಥಾನದ ದಿವಾನರಾಗಿದ್ದರು ಎಂಬುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದೆ.

ಇವರ ಪೈಕಿ ಮೊದಲನೆಯವರಾದ ಮೀರ್ ತುರಾಬ್ ಅಲಿ ಖಾನ್ ರವರು 1853ರಿಂದ 1883ರವರೆಗೆ, ಅಂದರೆ ಮೂವತ್ತು ವರ್ಷಗಳ ಕಾಲ, ದಿವಾನರಾಗಿದ್ದರು. ಅವರು ಅಧಿಕಾರ ವಹಿಸಿಕೊಂಡ 1853ರಲ್ಲಿಯೇ ರಾಯಚೂರು ದೋಆಬ್ ಪ್ರದೇಶವನ್ನು ಬ್ರಿಟಿಷರಿಗೆ ಬಿಟ್ಟುಕೊಡಬೇಕಾಗಿ ಬಂದಿತ್ತು. ಅದು ಸಂಸ್ಥಾನಕ್ಕೆ ಮರಳಿದ್ದು 1860ರಲ್ಲಿ. 1857ರ ಹೋರಾಟದ ಸಂದರ್ಭದಲ್ಲಿ ಅವರು ಸಂಸ್ಥಾನವನ್ನು ಬ್ರಿಟಿಷರ ಪಕ್ಷದಲ್ಲಿಯೇ ಉಳಿಸಿದರು. ಮರುವರ್ಷ ಮುಂಡರಗಿ ಭೀಮರಾಯರು ಕೊಪ್ಪಳದ ಕೋಟೆಯನ್ನು ವಶಪಡಿಸಿಕೊಂಡು ಬ್ರಿಟಿಷ್ ಪಡೆಯೊಡನೆ ಹೋರಾಡಿ ಮಡಿದಾಗ ಹೈದರಾಬಾದಿನ ದಿವಾನರು ಇವರೇ ಆಗಿದ್ದರು. ಕಂದಾಯ ವ್ಯವಸ್ಥೆಯ ಸುಧಾರಣೆ, ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿದ್ದು ಇತ್ಯಾದಿ ಕ್ರಮಗಳಿಂದ ಅವರನ್ನು ಇಂದಿಗೂ ದಕ್ಷ ಆಡಳಿತಗಾರರೆಂದು ಪರಿಗಣಿಸಲಾಗುತ್ತದೆ. ನಮ್ಮ ಭಾಗದ ಜನರು ಅವರನ್ನು ನೋಡುವ ಕಣ್ಣು ಬೇರೆಯಾಗಿದ್ದರೆ ಅದೂ ಸಹಜವೇ.

ಎರಡನೆಯವರಾದ ಮೀರ್ ಲಾಯಕ್ ಅಲಿ ಖಾನ್ ರವರು 1884ರಿಂದ 1887ರವರೆಗೆ ದಿವಾನರಾಗಿದ್ದು, ನಂತರ ಅಧಿಕಾರ ತ್ಯಜಿಸಿ ಪುಣೆಯಲ್ಲಿ ವಾಸವಾಗಿದ್ದರು.

ಮನೆತನದ ಜಹಗೀರು ಹೈದರಾಬಾದ್ ಸಂಸ್ಥಾನದ ಬೇರೆ ಬೇರೆ ಜಿಲ್ಲೆಗಳಲ್ಲಿ ಹರಡಿಕೊಂಡಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಒಟ್ಟು ವಿಸ್ತೀರ್ಣ ಸುಮಾರು 1,480 ಚದರ ಮೈಲಿಗಳಷ್ಟಿದ್ದು, 333 ಗ್ರಾಮಗಳನ್ನು ಒಳಗೊಂಡಿತ್ತು. ಗುಲ್ಬರ್ಗಾ ಭಾಗದ ಕೋಸಗಿ, ಔರಂಗಾಬಾದ್ ಭಾಗದ ಅಜಂತಾ ಗ್ರಾಮ ಇವು ಈ ಜಹಗೀರಿಗೆ ಸೇರಿದ್ದವು. ಕನ್ನಡ ನಾಡಿನ ಮಟ್ಟಿಗೆ ಮುಖ್ಯವಾದವು ಕೊಪ್ಪಳ ಮತ್ತು ಯಲಬುರ್ಗಾ ತಾಲ್ಲೂಕುಗಳು. ನೆರೆಯ ಕುಷ್ಟಗಿ ಹಾಗೂ ಗಂಗಾವತಿ ತಾಲ್ಲೂಕುಗಳು ಸಂಸ್ಥಾನದ ಸರ್ಕಾರದ ನೇರ ಆಡಳಿತದಲ್ಲಿದ್ದು, 1905ರಲ್ಲಿ ಲಿಂಗಸುಗೂರು ಜಿಲ್ಲೆಯನ್ನು ರದ್ದುಪಡಿಸಿದ ನಂತರ ರಾಯಚೂರು ಜಿಲ್ಲೆಗೆ ಸೇರಿದವು. ಒಂದೇ ಜಿಲ್ಲೆಯ ಇಂದಿನ ನಾಲ್ಕು ಹಳೆಯ ತಾಲ್ಲೂಕುಗಳ ಕಂದಾಯ ದಾಖಲೆಗಳ ಸ್ವರೂಪದಲ್ಲಿ ವ್ಯತ್ಯಾಸ ಕಂಡುಬರಲು ಇದೂ ಒಂದು ಕಾರಣ. ಇಂತಹ ದೊಡ್ಡ ಜಹಗೀರುಗಳಲ್ಲಿ ಕಂದಾಯ ವಸೂಲಿ ಮಾತ್ರವಲ್ಲದೆ ಪೊಲೀಸ್ ಮತ್ತು ನ್ಯಾಯದಾನದ ಅಧಿಕಾರವೂ ಜಹಗೀರದಾರರ ಸಿಬ್ಬಂದಿಯ ಕೈಯಲ್ಲಿಯೇ ಇರುತ್ತಿತ್ತು.

ಜನನ ಮತ್ತು ಬಾಲ್ಯ

ಮೀರ್ ಯೂಸುಫ್ ಅಲಿ ಖಾನ್ ರವರು 1889ರ ಜೂನ್ 13ರಂದು ಪುಣೆಯಲ್ಲಿ ಜನಿಸಿದರು. ಮಗು ಹುಟ್ಟಿ ಒಂದು ತಿಂಗಳೂ ತುಂಬುವ ಮೊದಲೇ, ಜುಲೈ 7ರಂದು, ತಂದೆ ತೀರಿಕೊಂಡರು. ಹೀಗೆ ತೊಟ್ಟಿಲಲ್ಲಿದ್ದ ಕೂಸು ಮುನ್ನೂರಕ್ಕೂ ಹೆಚ್ಚು ಹಳ್ಳಿಗಳ ಒಡೆಯನಾಯಿತು. ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನ್ ರವರು ಎಸ್ಟೇಟನ್ನು ಸರ್ಕಾರದ ಮೇಲ್ವಿಚಾರಣೆಗೆ ಒಳಪಡಿಸಿ, ಬಾಲಕನ ಪಾಲನೆ ಹಾಗೂ ವಿದ್ಯಾಭ್ಯಾಸಕ್ಕೆ ವ್ಯವಸ್ಥೆ ಮಾಡಿದರು. ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಅವರ ಶಿಕ್ಷಣ ನಡೆಯಿತು. ಮನೆತನದ ಬಿರುದು ಅವರಿಗೆ ಚಿಕ್ಕಂದಿನಲ್ಲಿಯೇ ದೊರೆಯಿತು.

ಅವರು ಬೆಳೆದದ್ದು ಹೈದರಾಬಾದಿನ ದಿವಾನ್ ದೇವಡಿ ಎಂಬ ಅರಮನೆಯಲ್ಲಿ. ತಾತನವರು ತಂದಿರಿಸಿದ್ದ ವಸ್ತುಗಳು, ಹಿರಿಯರು ಕೂಡಿಸಿದ್ದ ಅರಬ್ಬಿ ಹಾಗೂ ಫಾರಸಿ ಹಸ್ತಪ್ರತಿಗಳು ಅಲ್ಲಿದ್ದವು. ತಾತನವರು 1876ರಲ್ಲಿ ಯುರೋಪ್ ಪ್ರವಾಸ ಕೈಗೊಂಡಾಗ ರೋಮ್ ನಗರದಲ್ಲಿ ಖರೀದಿಸಿದ ರೆಬೆಕ್ಕಾಳ ಅಮೃತಶಿಲೆಯ ಪ್ರತಿಮೆಯೂ ಅವುಗಳಲ್ಲಿ ಒಂದು. ಇಟಲಿಯ ಶಿಲ್ಪಿ ಜೋವಾನ್ನಿ ಮರಿಯಾ ಬೆಂಜೋನಿಯವರು ಕಡೆದ ಈ ಪ್ರತಿಮೆಯಲ್ಲಿ, ಮುಖದ ಮೇಲೆ ಹೊದ್ದ ತೆಳು ಮುಸುಕಿನ ಒಳಗಿಂದ ಮುಖದ ರೇಖೆಗಳು ಕಾಣುವಂತೆ ಕಲ್ಲಿನಲ್ಲಿಯೇ ತೋರಿಸಲಾಗಿದೆ. ಇಂದಿಗೂ ವಸ್ತುಸಂಗ್ರಹಾಲಯಕ್ಕೆ ಹೋದವರು ಇದನ್ನು ನೋಡದೆ ಹಿಂದಿರುಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. 1876 ಎಂದರೆ ನಮ್ಮ ಹಿರಿಯರು ಧಾತು ಸಂವತ್ಸರದ ಬರ ಎಂದು ನೆನೆಯುತ್ತಿದ್ದ ವರ್ಷ. ಆ ವರ್ಷ ಮಳೆ ಕೈಕೊಟ್ಟು 1878ರವರೆಗೆ ಮುಂದುವರಿದ ಕ್ಷಾಮದಲ್ಲಿ ಬಳ್ಳಾರಿ, ರಾಯಚೂರು, ಲಿಂಗಸುಗೂರು ಸೀಮೆಗಳು ಅಪಾರ ಜೀವಹಾನಿ ಅನುಭವಿಸಿದವು. ಪ್ರವಾಸವು ಬರಕ್ಕಿಂತ ಮುಂಚಿನದಾದ್ದರಿಂದ ಎರಡಕ್ಕೂ ನೇರ ಸಂಬಂಧ ಕಲ್ಪಿಸುವುದು ನ್ಯಾಯವಲ್ಲ. ಆದರೆ ಜಮಾ-ಖರ್ಚಿನ ಲೆಕ್ಕ ಓದಿದವರಿಗೆ, ಖರ್ಚಿನ ಬದಿಯಲ್ಲಿ ಬರೆದದ್ದು ಜಮೆಯ ಬದಿಯಲ್ಲಿ ಎಲ್ಲಿಂದ ಬಂತು ಎಂದು ಹುಡುಕುವುದು ಅಭ್ಯಾಸವಾಗಿರುತ್ತದೆ. ಈ ಮನೆತನದ ಜಮೆಯ ಬದಿಯಲ್ಲಿ ಕೊಪ್ಪಳ ಮತ್ತು ಯಲಬುರ್ಗಾದ ಎರೆಭೂಮಿಯ ಜೋಳವೂ ಹತ್ತಿಯೂ ಇದ್ದವು. ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿದ್ದು 1953ರಲ್ಲಿ. ಅದಕ್ಕೂ ಮೊದಲು ಈ ಭಾಗದ ರೈತರು ಬಹುಪಾಲು ಮಳೆಯನ್ನೇ ನಂಬಿದ್ದರು ಎಂಬುದನ್ನು ಮರೆಯುವಂತಿಲ್ಲ.

ದಿವಾನಗಿರಿಯ ಎರಡು ವರ್ಷ

1911ರಲ್ಲಿ ಪಟ್ಟಕ್ಕೆ ಬಂದ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ರವರು, 1912ರಲ್ಲಿ ಮಹಾರಾಜಾ ಕಿಷನ್ ಪ್ರಸಾದರ ಸ್ಥಾನಕ್ಕೆ ಯೂಸುಫ್ ಅಲಿ ಖಾನ್ ರವರನ್ನು ದಿವಾನರನ್ನಾಗಿ ನೇಮಿಸಿದರು. ಆಗ ಅವರ ವಯಸ್ಸು 23. ತಾತನವರು ಮೂವತ್ತು ವರ್ಷ ನಡೆಸಿದ ಹುದ್ದೆಯಲ್ಲಿ ಮೊಮ್ಮಗ ಎರಡೂವರೆ ವರ್ಷವನ್ನೂ ಪೂರೈಸಲಿಲ್ಲ. 1914ರ ಕೊನೆಯ ಭಾಗದಲ್ಲಿ ಅವರು ರಾಜೀನಾಮೆ ಸಲ್ಲಿಸಿದರು. ಅದರ ನಂತರ ನಿಜಾಮರು 1919ರವರೆಗೆ ದಿವಾನರಿಲ್ಲದೆ ತಾವೇ ನೇರವಾಗಿ ಆಡಳಿತ ನಡೆಸಿದರು.

ಅಧಿಕಾರ ಬಿಟ್ಟಾಗ ಅವರಿಗೆ ಇಪ್ಪತ್ತೈದು ವರ್ಷ. ಆ ವಯಸ್ಸಿನಲ್ಲಿ ಇಂದಿನ ಅನೇಕ ಯುವಕರು ಮೊದಲ ನೌಕರಿಗೆ ಅರ್ಜಿ ಹಾಕುತ್ತಿರುತ್ತಾರೆ. ಅವರು ಮತ್ತೆ ಯಾವ ಹುದ್ದೆಯನ್ನೂ ಬಯಸಲಿಲ್ಲ, ವಿವಾಹವಾಗಲಿಲ್ಲ. ಉಳಿದ ಮೂವತ್ತೈದು ವರ್ಷಗಳನ್ನು ಬಹುಮಟ್ಟಿಗೆ ಒಂದೇ ಕೆಲಸಕ್ಕೆ ಮೀಸಲಿಟ್ಟರು. ಅದು ಕಲಾವಸ್ತುಗಳ ಸಂಗ್ರಹ.

ಸಂಗ್ರಹದ ಕಾರ್ಯ

ಸಂಗ್ರಹಕ್ಕೆ ಅವರು ಅನುಸರಿಸಿದ ವಿಧಾನ ಹೀಗಿತ್ತು. ಯುರೋಪ್ ಹಾಗೂ ಪಶ್ಚಿಮ ಏಷ್ಯಾದ ದೇಶಗಳಿಗೆ ಸ್ವತಃ ಪ್ರವಾಸ ಮಾಡಿ ಖರೀದಿಸುವುದು, ವಿದೇಶಗಳಲ್ಲಿ ಏಜೆಂಟರ ಮೂಲಕ ಕೊಳ್ಳುವುದು, ದಿವಾನ್ ದೇವಡಿಗೆ ವಸ್ತು ಹೊತ್ತು ತರುತ್ತಿದ್ದ ವ್ಯಾಪಾರಿಗಳಿಂದ ಆರಿಸಿಕೊಳ್ಳುವುದು. ಸಂಸ್ಥಾನದ ಶ್ರೀಮಂತರಿಗೆ ವಿಲಾಸದ ವಸ್ತುಗಳಲ್ಲಿ ಆಸಕ್ತಿ ಇರುವುದು ಹೊಸದೇನಲ್ಲ. ಆದರೆ ಇವರ ಆಸಕ್ತಿಗೆ ಎಲ್ಲೆಯೇ ಇರಲಿಲ್ಲ ಎನ್ನಬಹುದು. ಫಾರಸಿ ರತ್ನಗಂಬಳಿ, ಚೀನಾ ಮತ್ತು ಜಪಾನಿನ ಪಿಂಗಾಣಿ, ಹಸಿರು ಜೇಡ್ ಕಲ್ಲಿನ ಪಾತ್ರೆ ಹಾಗೂ ಕಠಾರಿ, ದಂತದ ಕೆತ್ತನೆ, ಯುರೋಪಿನ ತೈಲಚಿತ್ರ, ಗಾಜಿನ ಸಾಮಾನು, ಗಡಿಯಾರ, ಆಯುಧ, ಮಕ್ಕಳ ಆಟಿಕೆ ಇವೆಲ್ಲವೂ ಒಂದೇ ಮನೆಗೆ ಬಂದು ಸೇರಿದವು. ಮೊಘಲ್ ಅರಸರ ಮನೆಗೆ ಸಂಬಂಧಿಸಿದ ವಸ್ತುಗಳೂ ಇವುಗಳಲ್ಲಿ ಇವೆ.

ದಖ್ಖನಿನ ಕಲೆಯನ್ನು ಅವರು ಕಡೆಗಣಿಸಲಿಲ್ಲ. ವಿಜಯಪುರ ಹಾಗೂ ಗೋಲ್ಕೊಂಡ ಶೈಲಿಯ ಕಿರುಚಿತ್ರಗಳು, ನಮ್ಮ ಬೀದರಿನ ಬಿದರಿ ಕೆಲಸದ ಹುಕ್ಕಾಬುಡ್ಡಿ, ತಟ್ಟೆ, ಹೂಜಿಗಳು ಈ ಸಂಗ್ರಹದ ಮುಖ್ಯ ಭಾಗ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವ ಈ ಕಸುಬಿನ ಹಳೆಯ ಮಾದರಿಗಳನ್ನು ನೋಡಬಯಸುವ ಕನ್ನಡಿಗರು ಹೈದರಾಬಾದಿಗೆ ಹೋದಾಗ ಬಿದರಿ ವಿಭಾಗವನ್ನು ತಪ್ಪದೇ ನೋಡುವುದು ಒಳ್ಳೆಯದು. ಬಹಳಷ್ಟು ಜನ ಗಡಿಯಾರದ ಮುಂದೆಯೇ ಸಮಯ ಕಳೆದುಬಿಡುತ್ತಾರೆ.

ಸಂಗ್ರಹದಲ್ಲಿರುವುದೆಲ್ಲವೂ ಶ್ರೇಷ್ಠವೇ ಎಂದೇನೂ ಇಲ್ಲ. ಯುರೋಪಿನ ಚಿತ್ರಗಳಲ್ಲಿ ಹಲವು ಪ್ರಸಿದ್ಧ ಕೃತಿಗಳ ಪ್ರತಿಗಳು. ಅಲಂಕಾರಕ್ಕೆಂದೇ ತಯಾರಾದ ಸಾಧಾರಣ ವಸ್ತುಗಳೂ ಅಲ್ಲಿವೆ. ಒಬ್ಬನೇ ವ್ಯಕ್ತಿ ತನ್ನ ಅಭಿರುಚಿಯಂತೆ ಕೂಡಿಸಿದ್ದರ ಗುಣವೂ ದೋಷವೂ ಇದೇ. ತಜ್ಞರ ಸಮಿತಿಯೊಂದು ಕೂಡಿಸಿದ್ದರೆ ವಸ್ತುಗಳು ಕಡಿಮೆಯಾಗಿ, ಆಯ್ಕೆ ಬಿಗಿಯಾಗಿರುತ್ತಿತ್ತು. ಆದರೆ ಹಳ್ಳಿಯಿಂದ ಬಂದ ಮಗುವೊಂದು ಬಾಯಿತೆರೆದು ನೋಡುವಂತಹ, ಮುಂದಿನಿಂದ ಗಂಡಸಾಗಿಯೂ ಹಿಂದಿನ ಕನ್ನಡಿಯಲ್ಲಿ ಹೆಣ್ಣಾಗಿಯೂ ಕಾಣುವ ಒಂದೇ ಮರದ ತುಂಡಿನ ಫ್ರೆಂಚ್ ವಿಗ್ರಹವನ್ನು ಆ ಸಮಿತಿ ಕೊಳ್ಳುತ್ತಿತ್ತೇ ಎಂಬುದು ಅನುಮಾನ.

ಅದೇ ಕಾಲದಲ್ಲಿ ಜಹಗೀರಿನಲ್ಲಿ ಏನಿತ್ತು

ನವಾಬರ ಏಜೆಂಟರು ದೂರದೇಶಗಳಲ್ಲಿ ವಸ್ತುಗಳನ್ನು ಹುಡುಕುತ್ತಿದ್ದ ವರ್ಷಗಳಲ್ಲಿಯೇ, 1931ರಲ್ಲಿ, ಅವರ ಜಹಗೀರಿನ ಕೇಂದ್ರವಾದ ಕೊಪ್ಪಳದ ಬೆಟ್ಟಗಳಲ್ಲಿ ಎರಡು ಅಶೋಕ ಶಾಸನಗಳು ಬೆಳಕಿಗೆ ಬಂದವು. ಶ್ರೀ ಎನ್. ಬಿ. ಶಾಸ್ತ್ರಿಯವರು ಗುರುತಿಸಿದ ಈ ಶಾಸನಗಳಲ್ಲಿ ಒಂದು ಗವಿಮಠದ ಬೆಟ್ಟದ ಮೇಲಿದ್ದರೆ, ಇನ್ನೊಂದು ಪಲ್ಲಕ್ಕಿಯ ಆಕಾರದ ಬಂಡೆಯಿರುವ ಪಾಲ್ಕಿಗುಂಡು ಬೆಟ್ಟದ ಮೇಲಿದೆ. ಇಂಗ್ಲೆಂಡಿನ ವಿದ್ವಾಂಸ ಆರ್. ಎಲ್. ಟರ್ನರ್ ರವರು ಇವುಗಳನ್ನು ಸಂಪಾದಿಸಿ, 1932ರಲ್ಲಿ ಹೈದರಾಬಾದಿನ ಪುರಾತತ್ವ ಇಲಾಖೆಯ ಮಾಲೆಯಲ್ಲಿ ಪ್ರಕಟಿಸಿದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಕ್ಷರಗಳು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಿಸಿಲು ಮಳೆಗೆ ಮೈಯೊಡ್ಡಿ ಅಲ್ಲಿಯೇ ಇದ್ದವು. ಅವುಗಳನ್ನು ಯಾರೂ ಕೊಂಡು ತರಬೇಕಾಗಿರಲಿಲ್ಲ.

1935ರಲ್ಲಿ ಅದೇ ಮಾಲೆಯಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ರವರು ಸಂಪಾದಿಸಿದ ಕೊಪ್ಪಳದ ಕನ್ನಡ ಶಾಸನಗಳು ಹೊರಬಂದವು. ಜೈನರ ಪವಿತ್ರ ಕ್ಷೇತ್ರವಾಗಿದ್ದ ಕೊಪಣ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಒಂದೆಂಬುದು ಕನ್ನಡಿಗರೆಲ್ಲರಿಗೂ ತಿಳಿದ ವಿಷಯ. 1914ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಪುರಾತತ್ವ ಇಲಾಖೆಯು ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಮಾಡಿದ ಈ ಬಗೆಯ ಕೆಲಸವು ಕನ್ನಡ ಜಿಲ್ಲೆಗಳಿಗೆ ಸಂದ ದೊಡ್ಡ ಉಪಕಾರವೆಂದು ನಿಸ್ಸಂಕೋಚವಾಗಿ ಹೇಳಬಹುದು.

ಕೊಪ್ಪಳ ತಾಲ್ಲೂಕಿನ ಕಿನ್ನಾಳ ಗ್ರಾಮದ ಚಿತ್ರಗಾರ ಕುಟುಂಬಗಳ ವಿಷಯವನ್ನೂ ಇಲ್ಲಿ ಪ್ರಸ್ತಾಪಿಸಬೇಕು. ಹಗುರವಾದ ಮರವನ್ನು ಕೆತ್ತಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನಿಂದ ಮಾಡಿದ ಕಣಕದಿಂದ ಉಬ್ಬುತಗ್ಗುಗಳನ್ನು ತುಂಬಿ, ಅದರ ಮೇಲೆ ಬಣ್ಣ ಕಟ್ಟುವ ಈ ಕಸುಬು ತಲೆಮಾರುಗಳಿಂದ ನಡೆದುಬಂದಿದೆ. ಗರುಡ, ಆನೆ, ಗೌರಿ, ದೇವರ ಪಲ್ಲಕ್ಕಿ ಇವು ಅವರ ಕೈಯಲ್ಲಿ ಮೂಡುತ್ತವೆ. ಕಿನ್ನಾಳ ಕಲೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗೆ ಕುಳಿತ ಗೊಂಬೆ ಹಾಳಾಗುವುದಿಲ್ಲ, ನಿಜ. ಆದರೆ ಅದನ್ನು ಮಾಡುವ ಕೈಗಳು ಉಳಿಯಬೇಕಾದರೆ ಊರಿನಲ್ಲಿ ಕೊಳ್ಳುವವರಿರಬೇಕು. ಹಬ್ಬಕ್ಕೆ ಪ್ಲಾಸ್ಟರಿನ ಗೌರಿ ತರುವ ನಾವು ಈ ಬಗ್ಗೆ ನವಾಬರನ್ನು ಮಾತ್ರ ಪ್ರಶ್ನಿಸಿದರೆ ಸಾಲದು.

ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು, ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯವು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ್ದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದ ಶಿಲಾಸಮಾಧಿಗಳು ಇನ್ನೂ ಎಷ್ಟೋ ಹಳೆಯವು. ಇವುಗಳ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕಾದಷ್ಟು ವಿಷಯವಿದೆ.

ನಿಧನ ಮತ್ತು ಆಸ್ತಿಯ ಪ್ರಶ್ನೆ

ನವಾಬರ ಕೊನೆಯ ವರ್ಷಗಳಲ್ಲಿ ಅವರ ಸುತ್ತಲಿನ ಜಗತ್ತೇ ಬದಲಾಗುತ್ತಿತ್ತು. 1947ರಲ್ಲಿ ದೇಶ ಸ್ವತಂತ್ರವಾದರೂ ಹೈದರಾಬಾದ್ ಸಂಸ್ಥಾನವು ಭಾರತದ ಒಕ್ಕೂಟಕ್ಕೆ ಸೇರಲಿಲ್ಲ. ಗಡಿಯಾಚೆ ಮುಂಡರಗಿಯಂತಹ ಊರುಗಳಲ್ಲಿ ಶಿಬಿರಗಳನ್ನು ಸ್ಥಾಪಿಸಿಕೊಂಡು ಕೊಪ್ಪಳ, ಯಲಬುರ್ಗಾ ಭಾಗದ ಹೋರಾಟಗಾರರು ವಿಮೋಚನೆಗಾಗಿ ಶ್ರಮಿಸಿದರು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನದ ಆಳ್ವಿಕೆ ಕೊನೆಗೊಂಡಿತು. ಅದಾದ ಆರು ತಿಂಗಳೊಳಗೆ, 1949ರ ಮಾರ್ಚ್ 2ರಂದು, ನವಾಬ ಮೀರ್ ಯೂಸುಫ್ ಅಲಿ ಖಾನ್ ರವರು ತಮ್ಮ 59ನೆಯ ವಯಸ್ಸಿನಲ್ಲಿ ಹೈದರಾಬಾದಿನಲ್ಲಿ ನಿಧನರಾದರು. ಅದೇ ವರ್ಷ ಆಗಸ್ಟ್ 15ರಂದು ಹೈದರಾಬಾದ್ ಜಹಗೀರು ರದ್ದತಿ ವಿನಿಯಮವನ್ನು ಹೊರಡಿಸಲಾಯಿತು. ಜಹಗೀರದಾರರೂ ಜಹಗೀರೂ ಒಂದೇ ವರ್ಷದಲ್ಲಿ ಇಲ್ಲವಾದಂತಾಯಿತು.

ಉಳಿದದ್ದು ವಸ್ತುಗಳು. ನವಾಬರಿಗೆ ಮಕ್ಕಳಿರಲಿಲ್ಲ. ಹಲವು ಅರಮನೆಗಳಲ್ಲಿ ಹರಡಿಕೊಂಡಿದ್ದ ಸಾವಿರಾರು ಕಲಾವಸ್ತುಗಳಿಗೆ ವಾರಸುದಾರರು ಯಾರು ಎಂಬ ಪ್ರಶ್ನೆ ಎದ್ದಿತು. ಹಕ್ಕು ಕೋರಿ ಬಂದ ಸಂಬಂಧಿಕರು ಒಬ್ಬಿಬ್ಬರಲ್ಲ. ಪಿತ್ರಾರ್ಜಿತ ಆಸ್ತಿಯ ಪಾಲುಪಟ್ಟಿಯ ವ್ಯಾಜ್ಯಗಳನ್ನು ಕಂಡಿರುವ ಯಾರಿಗಾದರೂ ಇದರ ಮುಂದಿನ ಹಾದಿಯನ್ನು ಊಹಿಸುವುದು ಕಷ್ಟವಲ್ಲ: ಪಾಲು, ಹರಾಜು, ಕೊನೆಗೆ ಒಂದೊಂದು ವಸ್ತು ಒಂದೊಂದು ಊರಿಗೆ. ಮೂವತ್ತೈದು ವರ್ಷಗಳಲ್ಲಿ ಕೂಡಿದ್ದು ಮೂರು ವರ್ಷಗಳಲ್ಲಿ ಚದುರಿಹೋಗಬಹುದಾಗಿತ್ತು.

ಹಾಗಾಗದಂತೆ ತಡೆದದ್ದು ಮೂರು ಹಂತದ ಕ್ರಮಗಳು. ಮೊದಲನೆಯದಾಗಿ, ಎಸ್ಟೇಟಿನ ಆಡಳಿತಕ್ಕೆ ಸರ್ಕಾರವು ಸಮಿತಿಯೊಂದನ್ನು ರಚಿಸಿತು. ಎರಡನೆಯದಾಗಿ, ಆಗ ಹೈದರಾಬಾದಿನ ಮುಖ್ಯ ನಾಗರಿಕ ಆಡಳಿತಾಧಿಕಾರಿಯಾಗಿದ್ದ ಎಂ. ಕೆ. ವೆಲ್ಲೋಡಿಯವರು ವಸ್ತುಗಳನ್ನೆಲ್ಲ ಒಂದೆಡೆ ಜೋಡಿಸಿ ಸಾರ್ವಜನಿಕರಿಗೆ ತೋರಿಸುವ ವಿಚಾರಕ್ಕೆ ಚಾಲನೆ ನೀಡಿ, ಆ ಹೊಣೆಯನ್ನು ಕಲಾವಿಮರ್ಶಕ ಜೇಮ್ಸ್ ಕಸಿನ್ಸ್ ರವರಿಗೆ ವಹಿಸಿದರು. ಈ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಐರ್ಲೆಂಡಿನ ಕವಿಯಾದ ಕಸಿನ್ಸ್ ರವರೇ 1920ರ ದಶಕದಲ್ಲಿ ಮೈಸೂರಿಗೆ ಬಂದಿದ್ದಾಗ, ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ತರುಣ ಕುವೆಂಪುರವರಿಗೆ ತಾಯ್ನುಡಿಯಲ್ಲಿ ಬರೆಯುವಂತೆ ಸಲಹೆ ನೀಡಿದವರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ರೂಪಿಸುವಲ್ಲಿಯೂ ಅವರ ಪಾತ್ರವಿತ್ತು. ಕನ್ನಡಕ್ಕೆ ಒಬ್ಬ ಮಹಾಕವಿಯನ್ನು ಮರಳಿಸಿದ ವ್ಯಕ್ತಿಯೇ ಕೊಪ್ಪಳದ ಜಹಗೀರದಾರರ ವಸ್ತುಗಳನ್ನು ಜೋಡಿಸಿದರು ಎಂಬುದು ಚರಿತ್ರೆಯ ಒಂದು ವಿಶೇಷ.

1951ರ ಡಿಸೆಂಬರ್ 16ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂರವರು ದಿವಾನ್ ದೇವಡಿಯಲ್ಲಿಯೇ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು. ನವಾಬರ ಅಪ್ಪಣೆಯಿಲ್ಲದೆ ಯಾರೂ ಕಾಲಿಡಲಾಗದಿದ್ದ ಮನೆಯೊಳಗೆ ಸಾಮಾನ್ಯ ಜನರು ನಡೆದಾಡತೊಡಗಿದರು.

ಮೂರನೆಯ ಹಂತವೇ ನಿರ್ಣಾಯಕವಾದದ್ದು. 1958ರಲ್ಲಿ ವಾರಸುದಾರರು ರಾಜಿ ಒಪ್ಪಂದದ ಮೂಲಕ ಇಡೀ ಸಂಗ್ರಹವನ್ನು ಭಾರತ ಸರ್ಕಾರಕ್ಕೆ ಬಿಟ್ಟುಕೊಟ್ಟರು. 1959ರಲ್ಲಿ ಉಚ್ಚ ನ್ಯಾಯಾಲಯದ ಡಿಕ್ರಿಯ ಮೂಲಕ ಅದು ಊರ್ಜಿತವಾಯಿತು. 1961ರಲ್ಲಿ ಸಂಸತ್ತು ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ಅಧಿನಿಯಮವನ್ನು ಅಂಗೀಕರಿಸಿ, ಸಂಸ್ಥೆಯನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ರಾಜ್ಯಪಾಲರ ಅಧ್ಯಕ್ಷತೆಯ ಮಂಡಳಿಯು ಅದರ ಆಡಳಿತ ನೋಡಿಕೊಳ್ಳುತ್ತದೆ. 1968ರಲ್ಲಿ ವಸ್ತುಗಳನ್ನು ಮೂಸಿ ನದಿಯ ದಂಡೆಯ ಹೊಸ ಕಟ್ಟಡಕ್ಕೆ ಸ್ಥಳಾಂತರಿಸಲಾಯಿತು. ಸಂಗ್ರಹದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಕಲಾವಸ್ತುಗಳಿದ್ದು, ಸಾವಿರಾರು ಹಸ್ತಪ್ರತಿಗಳನ್ನು ಒಳಗೊಂಡ ಗ್ರಂಥಾಲಯವೂ ಇದೆ. ದಿವಾನ್ ದೇವಡಿಯ ಹಳೆಯ ಅರಮನೆಯ ಜಾಗದಲ್ಲಿ ಇಂದು ಅಂಗಡಿಗಳು ತುಂಬಿವೆ.

ಈ ಸಂಗ್ರಹವು ಯಾರದು ಎಂಬ ಪ್ರಶ್ನೆಗೆ ಕಾನೂನಿನ ಉತ್ತರ 1961ರಲ್ಲಿಯೇ ದೊರೆತಿದೆ. ಆದರೆ ಕೊಪ್ಪಳ ಹಾಗೂ ಯಲಬುರ್ಗಾದ ರೈತರು ಸಂದಾಯ ಮಾಡಿದ ಕಂದಾಯವೂ ಅದರ ಮೂಲ ಬಂಡವಾಳದಲ್ಲಿ ಸೇರಿದೆ ಎಂಬ ಮಾತನ್ನು ಆ ಕಟ್ಟಡದ ಗೋಡೆಯ ಮೇಲೆ ಎಲ್ಲಿಯಾದರೂ ಬರೆದರೆ ತಪ್ಪೇನಿಲ್ಲ ಎಂಬುದು ಈ ಲೇಖನ ಸಿದ್ಧಪಡಿಸಿದವರ ಅಭಿಪ್ರಾಯ. ಅಲ್ಲಿಗೆ ಹೋಗುವ ನಮ್ಮ ಭಾಗದ ಮಕ್ಕಳಿಗೆ ಉಪಾಧ್ಯಾಯರು ಇಷ್ಟನ್ನಾದರೂ ತಿಳಿಸುವುದು ಸೂಕ್ತ. ಅತಿಥಿಯಾಗಿ ಹೋಗಿ ನೋಡುವುದಕ್ಕೂ, ತನ್ನ ಮುತ್ತಾತ ಕಟ್ಟಿದ ತೀರುವೆಯ ಪಾಲು ಇದರಲ್ಲಿದೆ ಎಂದು ತಿಳಿದು ನೋಡುವುದಕ್ಕೂ ವ್ಯತ್ಯಾಸವಿದೆ.

ನಾಗರಿಕರಿಗೆ ಕೆಲವು ಮಾಹಿತಿ

ಹೊಲ ಉಳುವಾಗ, ಬಾವಿ ಅಥವಾ ಪಾಯ ತೋಡುವಾಗ ವಿಗ್ರಹ, ನಾಣ್ಯ, ತಾಮ್ರಪಟ, ಶಾಸನದ ಕಲ್ಲು ಇತ್ಯಾದಿ ದೊರೆತಲ್ಲಿ ಅವುಗಳನ್ನು ಮನೆಯಲ್ಲಿ ಇರಿಸಿಕೊಳ್ಳದೆ, ತೊಳೆಯದೆ, ಬಣ್ಣ ಬಳಿಯದೆ, ಕೂಡಲೇ ತಹಶೀಲ್ದಾರರ ಅಥವಾ ಜಿಲ್ಲಾಧಿಕಾರಿಗಳ ಗಮನಕ್ಕೆ ತರತಕ್ಕದ್ದು. ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ, 1972ರ ಪ್ರಕಾರ ನೂರು ವರ್ಷಗಳಿಗೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ, ನಾಣ್ಯ ಮುಂತಾದವು ಹಾಗೂ ಎಪ್ಪತ್ತೈದು ವರ್ಷಗಳಿಗೆ ಕಡಿಮೆಯಿಲ್ಲದ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಗಳು ಪುರಾತನ ವಸ್ತುಗಳ ವ್ಯಾಖ್ಯೆಗೆ ಒಳಪಡುತ್ತವೆ. ಅವುಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವುದು ಅಪರಾಧ. ಮನೆಯ ಅಟ್ಟದ ಮೇಲಿರುವ ತಾಳೆಗರಿಯ ಕಟ್ಟುಗಳನ್ನು ಗುಜರಿಗೆ ಹಾಕುವ ಮುನ್ನ ಬಲ್ಲವರಿಗೊಮ್ಮೆ ತೋರಿಸುವುದು ಉಚಿತ. ಗವಿಮಠ ಹಾಗೂ ಪಾಲ್ಕಿಗುಂಡುವಿಗೆ ಭೇಟಿ ನೀಡುವವರು ಬಂಡೆಯ ಮೇಲೆ ಹೆಸರು ಕೆತ್ತುವುದಾಗಲಿ, ಅಕ್ಷರಗಳಿಗೆ ಸುಣ್ಣ ಅಥವಾ ಸೀಮೆಸುಣ್ಣ ಹಚ್ಚಿ ಓದಲು ಯತ್ನಿಸುವುದಾಗಲಿ ಮಾಡಬಾರದು.

ಜಹಗೀರು ಕಾಲದ ದಾಖಲೆಗಳ ಬಗ್ಗೆ: ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು ಆಗಿದ್ದರಿಂದ ಹಳೆಯ ಕಾಗದಪತ್ರಗಳು ಆ ಭಾಷೆಯಲ್ಲಿರಬಹುದು, ವರ್ಷಗಳನ್ನು ಫಸಲಿಯಲ್ಲಿ ನಮೂದಿಸಿರುತ್ತಾರೆ. ಫಸಲಿ ವರ್ಷಕ್ಕೆ 590 ಅಥವಾ ತಿಂಗಳಿಗನುಸಾರವಾಗಿ 591 ಕೂಡಿಸಿದರೆ ಕ್ರಿಸ್ತಶಕದ ವರ್ಷ ದೊರೆಯುತ್ತದೆ. ಉದಾಹರಣೆಗೆ, ಜಹಗೀರುಗಳು ರದ್ದಾದ ಫಸಲಿ 1358 ಎಂದರೆ 1948ರ ಅಕ್ಟೋಬರಿನಿಂದ 1949ರ ಸೆಪ್ಟೆಂಬರ್ ಅಂತ್ಯದ ಅವಧಿ. ಸೇತ್ವಾರ್, ಖಾಸ್ರಾ ಪಹಣಿ ಮುಂತಾದವುಗಳ ನಕಲು ಕೋರುವವರು ಗ್ರಾಮದ ಹೆಸರು, ಹಳೆಯ ಮತ್ತು ಹೊಸ ಸರ್ವೆ ನಂಬರು ಹಾಗೂ ತಿಳಿದಿದ್ದಲ್ಲಿ ಫಸಲಿ ವರ್ಷವನ್ನು ಅರ್ಜಿಯಲ್ಲಿ ನಮೂದಿಸಿದಲ್ಲಿ ಹುಡುಕಾಟಕ್ಕೆ ಅನುಕೂಲವಾಗುತ್ತದೆ. ಮೂಲ ಉರ್ದು ಕಾಗದ ತಮ್ಮ ಬಳಿಯೇ ಇದ್ದಲ್ಲಿ ಅದನ್ನು ಮಡಿಸಿ ಲ್ಯಾಮಿನೇಷನ್ ಮಾಡಿಸದೆ, ಹಾಗೆಯೇ ಕಡತದಲ್ಲಿಟ್ಟು ತರುವುದು.